ನಲವತ್ತು ವರ್ಷದ ಕೈ

ಸೊಲ್ಲಾಪುರದ ಸಾಖರಪೇಠದಾಗ ಯಾರನ್ನರ ಕೇಳ್ರಿ,
ಕೂಸಿಗೆ ಎರಿಯೋ ಚಂದ್ರಭಾಗವ್ವ ಅಂದ್ರ ಮನಿ ತೋರಸ್ತಾರ.
ಕಾಲು ಚಾಚಿ ಕುಂತು, ಕೂಸಿನ್ನ ಬೋರಲ ಹಾಕ್ಕೊಂಡು
ಎಣ್ಣಿ ಇಳಿಯೂತನಕ ತಿಕ್ಕಿದೆ ಅಂದ್ರ
ಬೆನ್ನು ಕೆಂಪು ದಾಸಾಳ.
ಎಷ್ಟೋ ಮೂಗು ತಿದ್ದೀನಿ, ತಲಿ ದುಂಡಗ ಮಾಡೀನಿ,
ಎರಡೂ ರಟ್ಟಿ ಹಿಡದು ಜೋಕಾಲಿ ಹಂಗ ತೂಗೀನಿ.
ಅತ್ತಷ್ಟೂ ನಿದ್ದಿ ಛಲೋ ಬರ್ತದ ಅಂದೀನಿ.
ನಾ ಎರದ ಹುಡುಗರು ಈಗ ಮಗ್ಗದ ಮುಂದ ಅದಾರ,
ರಿಕ್ಷಾ ಹೊಡೀತಾರ,
ಒಬ್ಬ ಪೊಲೀಸ್ ಆಗಿ ನನ್ನ ಮಗನ್ನಽ ಹಿಡದ.

ಪದ್ಮಜಾನ ಕೂಸು ಎಂಟನೇ ದಿನಕ್ಕ ನನ್ನ ಕಾಲ ಮ್ಯಾಲ ಬಂತು.
ನಾಕೂವರಿ ಕಿಲೋದ ಗುಂಡಿ. ಹುಟ್ಟುವಾಗ ಭುಜ ಸಿಕ್ಕೊಂಡಿತ್ತಂತ,
ಅದನ್ನ ನನಗ ಯಾರೂ ಹೇಳಿದ್ದಿಲ್ಲ.
ಮೂರನೇ ದಿನ ಸಾಬೂನು ತೊಳಿಯೂವಾಗ ನೋಡಿದೆ.
ಎಡಗೈ ನೀರು ಬಡೀತದ. ಬಲಗೈ
ಹಸಿ ಟಾವೆಲಿನ ಹಂಗ ಜೋತು ಬಿದ್ದದ,
ಅಂಗೈ ಹಿಂದಕ ತಿರಗಿಸಿ,
ಮೇಜಿನ ಕೆಳಗ ಲಂಚ ಇಸಕೊಳ್ಳೋ ಸಾಹೇಬನಂಗ.

ಹುಟ್ಟುವಾಗಿಂದು ಅದು, ನರ ಎಳದದ,
ಎರಿಯಾಕಿದು ತಪ್ಪಿಲ್ಲ ಅಂದ್ರಂತ ಡಾಕ್ಟರು.
ಪದ್ಮಜಾ ನಂಬಿದಳು. ಅಕಿ ಅತ್ತಿ ನಂಬಲಿಲ್ಲ.
ನಾ?
ಮೂರು ದಿನದಾಗ ಎಷ್ಟು ಸಲ ತೂಗಿದೆ ಅಂತ
ಎಣಿಸಿಕೋತ ಮಲಗತಿದ್ದೆ.
ಒಂದು ರಾತ್ರಿ ಹನ್ನೊಂದು, ಒಂದು ರಾತ್ರಿ ಹದಿನಾಕು.
ಬ್ಯಾರೆ ಮನಿಯವರು ಕರದ್ರ
ಮೈಯಾಗ ಹುಷಾರಿಲ್ಲ ಅಂದುಬಿಟ್ಟೆ.

ಐದು ವಾರ ಆದ ಮ್ಯಾಲ ಪದ್ಮಜಾನೇ ಬಂದು ಹೊಸ್ತಿಲದಾಗ ನಿಂತಳು.
ತೆಲುಗು ಕಲಸಿದ ಅಕಿ ಕನ್ನಡದಾಗ ಅಂದಳು,
ಕಾರಖಾನಿ ಪಾಳಿ ಶುರು ಆಗ್ಯದ.
ದಿನಕ್ಕ ನಾಕು ಸಲ ಇದರ ಕೈ ಆಡಸಬೇಕು.
ನಿಂದಽ ಕೈ ಬೇಕು, ಅವ್ವಾ.

ದವಾಖಾನಿ ಹುಡುಗಿ ಕೇತಕಿ, ನನ್ನ ಮೊಮ್ಮಗಳ ವಾರಿಗಿ,
ನನ್ನ ಕೈ ಹಿಡದು ಕೂಸಿನ ಭುಜದ ಮ್ಯಾಲ ಇಟ್ಟಳು.
ಹಳೂ, ಆಜಿ, ಹಳೂ.
ಎಳೀಬ್ಯಾಡ. ರಟ್ಟಿ ಹಿಡದು ಎತ್ತಬ್ಯಾಡ.
ಹಾಲಿನ ಕೆನಿ ಹರೀಬಾರದು, ಅಷ್ಟಽ ಭಾರ.
ಒತ್ತೂದೇ ಕಲತ ಕೈಗೆ
ಒತ್ತದಿರೂದು ಕಲಸಬೇಕಂದ್ರ ಹುಡುಗಾಟ ಏನು?
ಮೊದಲ ದಿನ ಬೆವತು ಕುಪ್ಪಸ ಹಸಿ ಆತು,
ಅರಿ ಕಟ್ಟಿಗಿ ಒಡದಾಕಿ ಹಂಗ.
ಕೇತಕಿ ಹಳೂ ಅಂತಾಳ, ಪದ್ಮಜಾ ಮೆಲ್ಲಗಾ ಅಂತಾಳ,
ನನಗ ನಾನಽ ಸಾವಕಾಶ ಅನಕೋತೀನಿ,
ಕೈ ಮಾತ್ರ ಮೂರೂ ಭಾಷಾದಾಗ ಕಿವುಡು.
ತಿಂಗಳು ಹಿಡೀತು ಅದಕ್ಕ ಕೇಳಸಾಕ.

ಎಣ್ಣಿ ಆದ ಮ್ಯಾಲ ಅರಿವಿ ಆಟ.
ಟಾವೆಲಿನ ಗಂಟು ಗಂಟು ಮೈ,
ಚಾದರದ ಒರಟು ಅಂಚು,
ಪದ್ಮಜಾನ ಮದುವಿ ಸೀರಿದು ಒಂದು ರೇಷ್ಮಿ ಚೂರು.
ಭುಜದಿಂದ ಮುಂಗೈ ತನಕ ಸವರತೀನಿ,
ಗುರುತು ಮರತವರ ಬಾಗಲಾ ಬಡದಂಗ.
ನನ್ನ ಬಳ್ಳು ಕೊಟ್ರ ಗಟ್ಟಿ ಹಿಡೀತದ ಪೋರಿ.
ಹಿಡೀತದ, ತನ್ನ ಕಡೆ ಎಳಕೊಳ್ಳಾಕ ಬರೂದಿಲ್ಲ.
ಮುಷ್ಟಿ ತಾನಽ ಬಾಯಿಗೆ ಹೋಗಬೇಕು,
ಅದನ್ನಽ ಕಾಯಬೇಕು ಅಂದಾಳ ಕೇತಕಿ.

ನಿನ್ನಿ ಮಧ್ಯಾಹ್ನ ಕರೆಂಟ್ ಹೋತು.
ಮಗ್ಗ ಎಲ್ಲಾ ಒಮ್ಮೆಲೇ ನಿಂತು
ಗಲ್ಲಿ ಉಸರು ಹಿಡದಂಗ ಆತು.
ಅಷ್ಟರಾಗ ಆ ಮುಷ್ಟಿ
ತೊಡಿ ಬಿಟ್ಟು ಹೊಟ್ಟಿ ಮ್ಯಾಲ ಬಂತು,
ಎದಿ ಹತ್ರ ಬಂದು, ನಿಂತು, ಜಾರಿತು.
ತಾನಽ ಬಂತೋ, ನನ್ನ ಕಾಲು ಅಲುಗಿತೋ.
ಕಾಲು ಜೋಮು ಹಿಡದಿತ್ತು, ಅಲುಗಲಿಕ್ಕಿಲ್ಲ.
ಹಂಗಽ ಕುಂತೆ. ಹಂಡೇದಾಗಿನ ನೀರು ಆರಿತು.
ಕರೆಂಟ್ ಬಂತು, ಖಟಕ್ ಖಟಕ್ ಶುರು ಆತು.

ಪದ್ಮಜಾಗ ಇನ್ನೂ ಹೇಳಿಲ್ಲ.
ನಾಳೆ ಒಂದು ಸಲ ನೋಡತೀನಿ.